ದೀಪದ ಪಕ್ಕದ ಲೋಟ

ನೀರು ಕುಡಿದದ್ದು ನನ್ನ ಗಂಡನಲ್ಲ, ಆದೋನಿಯ ಬಿಸಿಲು. ಆಸ್ಪತ್ರೆಯಲ್ಲಿ ಕೊನೆಯ ದಿನ ಅವರು ನೀರು ಕೇಳಿದ್ದರು. ಡಾಕ್ಟರು ಬೇಡವೆಂದರು, ನಾನು ಕೊಡಲಿಲ್ಲ. ನಮ್ಮಲ್ಲಿ ಸತ್ತವರಿಗೆಂದು ಮನೆಯಲ್ಲಿ ದೀಪದ ಪಕ್ಕ ಒಂದು ಲೋಟ ನೀರು ಇಡುತ್ತೇವೆ. ಅದು ದಿನವೂ ಇಳಿಯುವುದನ್ನು ಕಂಡು, ಈಗಲಾದರೂ ಕುಡಿದರಲ್ಲ ಎಂದುಕೊಂಡಿದ್ದೆ.

ಆರನೇ ಕ್ಲಾಸಿನ ಮೊಮ್ಮಗಳು ಕೇಳಿದಳು: “ಅಜ್ಜಿ, ತಾತ ಕುಡ್ದಾನೋ, ನೀರೇ ಆರೈತೋ ಹೆಂಗ್ ಗೊತ್ತಾಗ್ತೈತಿ? ಅಡಿಗಿಮನ್ಯಾಗೂ ಒಂದ್ ಲೋಟ ಇಡಾಣ.”

“ಬಂದ್ಲು ನೋಡು ಸೈನ್ಸ್ ಟೀಚರಮ್ಮ!” ಎಂದು ಸೊಸೆ ಗದರಿದಳು.

“ಇಟ್ಟು ನೋಡ್ಲಿ ಬಿಡವ್ವ, ನನಗೂ ತಿಳೀಬೇಕು,” ಎಂದೆ.

ಹುಡುಗಿ ಎರಡೂ ಲೋಟಕ್ಕೆ ಪೆನ್ನಿನಿಂದ ಗೆರೆ ಎಳೆದಳು. ಮರುದಿನ ಸಂಜೆಗೆ ಎರಡರಲ್ಲೂ ಒಂದೇ ಸಮ ಇಳಿದಿತ್ತು. ನನಗೆ ಅಳು ಬರಲಿಲ್ಲ.

ಬೆಳಿಗ್ಗೆ ಎದ್ದು ಎರಡನ್ನೂ ತೊಳೆದೆ. ಒಂದರಲ್ಲಿ ಮೊಮ್ಮಗಳಿಗೆ ಹಾಲು ಕೊಟ್ಟು, ಇನ್ನೊಂದರಲ್ಲಿ ನಾನು ಚಹಾ ಕುಡಿದೆ.