ವಾಚಮನ್‌ನ ವಾಚು

ಆ ದಿನವೂ ಪಾವ್ ಮಾರುವವನ ಸೈಕಲ್ ಭೋಂಪು ಕೂಗಿತು. ನನ್ನ ಗಂಡ ಎದ್ದು ಕೂತು, ದಿಂಬಿನ ಕೆಳಗಿನಿಂದ ವಾಚು ತೆಗೆದು, ಕಿರ್ ಕಿರ್ ಎಂದು ಕೀಲಿ ಕೊಟ್ಟರು. ಆಮೇಲೆ ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು.

“ಐದೂವರಿ ಆತು. ನೀರಿನ ಮೋಟರ್ ಚಾಲೂ ಮಾಡಬೇಕು.”

“ಆ ಗಾಜಿನ್ಯಾಗ ನಿಮಗ ಏನ ಕಾಣತೈತ್ರಿ? ಮಸುಕ ಹಿಡದು ಮಜ್ಜಿಗಿ ಆಗೈತಿ. ರಿಪೇರಿಗಿ ಕೊಡ್ರಿ ಅಂದ್ರ ಕೇಳಂಗಿಲ್ಲ.”

“ವಾಚಿಗೆ ಏನೂ ಆಗಿಲ್ಲ. ನಿನ್ನ ಬಾಯೀನ ಹತ್ತ ನಿಮಿಷ ಮುಂದ ಓಡತೈತಿ.”

ಅದೇ ಕೊನೆಯ ಜಗಳ. ಮರುದಿನ ಮಧ್ಯಾಹ್ನ ಗೇಟಿನ ಕುರ್ಚಿಯಲ್ಲಿ ಕೂತಿದ್ದವರು ಹಾಗೆಯೇ ಹೋದರು. ಮಲಗಿದ್ದಾರೆಂದು ಬಿಲ್ಡಿಂಗಿನವರು ಒಂದು ತಾಸು ಎಬ್ಬಿಸಲಿಲ್ಲ. ವಾಚಮನ್ ನಿದ್ದೆ ಮಾಡಿದರೆ ಯಾರಿಗೂ ಆಶ್ಚರ್ಯವಿಲ್ಲ.

ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ. ಹೇಳದಿದ್ದರೆ ಓದುವವರಿಗೆ ಹೇಗೆ ತಿಳಿಯಬೇಕು? ಗುರಲಿಂಗಪ್ಪ. ಆಂಟಾಪ್ ಹಿಲ್‌ನಲ್ಲಿ ನಾಲ್ಕು ಮಾಳಿಗೆಯ ಒಂದು ಬಿಲ್ಡಿಂಗಿಗೆ ಇಪ್ಪತ್ತೆಂಟು ವರ್ಷ ವಾಚಮನ್.

ವಾಚು ನನ್ನ ಅಪ್ಪ ಮದುವೆಯಲ್ಲಿ ಕೊಟ್ಟದ್ದು. ಊರಿನಿಂದ ಬಂದ ಹೊಸದರಲ್ಲಿ ಟ್ರಂಕಿನಲ್ಲೇ ಇತ್ತು. ಅವರು ನೌಕರಿ ಕೇಳಲು ಹೊರಟ ದಿನ ನಾನೇ ತೆಗೆದು ಕೈಗೆ ಕಟ್ಟಿದೆ. ನಾನು ಓದಿದ್ದು ಮೂರನೆಯ ಇಯತ್ತೆ. ವಾಚು ಇದ್ದವನೇ ವಾಚಮನ್ ಎಂದು ತಿಳಿದಿದ್ದೆ.

“ವಾಚ್ ಇಲ್ಲಂದ್ರ ನಿಮ್ಮನ್ನ ಯಾರು ವಾಚಮನ್ ಮಾಡ್ಕೋತಾರ?” ಅಂದೆ.

ನೌಕರಿ ಸಿಕ್ಕಿತು. ನನ್ನ ಮಾತು ಖರೆಯಾಯಿತೆಂದು ನನಗೆ ಸೊಕ್ಕು. ಅವರು ಅದನ್ನು ಇಡೀ ಬಿಲ್ಡಿಂಗಿಗೆ ಹೇಳಿ ನಗಿಸಿದರು. “ಅಪ್ಪನ ವಾಚು ಕೆಡಿಸಿದ್ರ ರೊಟ್ಟಿ ಹಾಕಂಗಿಲ್ಲ” ಎಂದೂ ನಾನು ಹೇಳಿದ್ದೆ. ಅದನ್ನು ಮಾತ್ರ ಅವರು ಯಾರಿಗೂ ಹೇಳಲಿಲ್ಲ.

ಅವರು ಹೋದ ಮೇಲೆ ಬಿಲ್ಡಿಂಗಿನ ಸೊಸೈಟಿಯವರು ನಮಗೆ ಕೊಟ್ಟಿದ್ದ ಖೋಲಿ ಬಿಡಿಸಲಿಲ್ಲ. ಬೆಳಿಗ್ಗೆ ನೀರಿನ ಮೋಟರ್ ಹಾಕುವ ಕೆಲಸ ನನಗೆ ಕೊಟ್ಟರು. ಪವಾಯಿಯಲ್ಲಿರುವ ಮಗಳು ವಿಜೇತಾ ಬಂದಾಗ ವಾಚನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಯವ್ವಾ, ರಿಪೇರಿ ಮಾಡ್ಸು ನಾ. ಪಪ್ಪಾಂದು ಯಾದ್ ಐತಿ. ಹಿಂಗ ಇಟ್ರ ಖರಾಬ್ ಆಗ್ತದ.”

ವಡಾಲ ಸ್ಟೇಷನ್ ಹೊರಗೆ ಸಾಯಬಣ್ಣ ಎಂಬವನು ವಾಚು ರಿಪೇರಿಗೆ ಕೂಡುತ್ತಾನೆ. ನಮ್ಮ ಕಡೆಯವನೇ. ಇಬ್ಬರೂ ಅವನ ಹತ್ತಿರ ಹೋದೆವು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ವಾಚಿನ ಬೆನ್ನು ಬಿಚ್ಚಿದ.

“ಅಕ್ಕಾ, ಇದು ಯಾವಾಗ ನಿಂತದ?”

“ನಿಂತಿಲ್ಲಪ್ಪಾ. ಅವರು ಹೋಗೂ ದಿನಾನೂ ಟೈಮ್ ನೋಡ್ಯಾರ.”

“ಇದರಾಗ? ಸ್ಪ್ರಿಂಗ್ ತುಂಡಾಗಿ ತುಕ್ಕ ಹಿಡದದ. ಐದ ವರ್ಷಾದ್ರೂ ಆಗಿರಬೇಕು.”

“ದಿನಾ ಕೀಲಿ ಕೊಡತಿದ್ರು! ನಾ ಕಿವಿಯಾರೆ ಕೇಳೀನಿ!”

“ಕೀಲಿ ತಿರಗತದ ಅಕ್ಕಾ, ಹಿಡಿಯಂಗಿಲ್ಲ. ಸಂಜೀತನಾ ತಿರಗಸ್ರಿ, ಬ್ಯಾಡ ಅನ್ನಂಗಿಲ್ಲ.”

ವಿಜೇತಾ ನಗತೊಡಗಿದಳು. ನನಗೆ ಸಿಟ್ಟು ಬಂತು. ಆಗ ಹೊಳೆಯಿತು. ಮೊದಲು ಭೋಂಪು, ಆಮೇಲೆ ಐದೂವರೆ. ಒಂದು ಸಲ ಪಾವ್‌ನವನು ಊರಿಗೆ ಹೋದಾಗ ಇಡೀ ಬಿಲ್ಡಿಂಗು ನೀರಿಲ್ಲದೆ ಒದ್ದಾಡಿತ್ತು. “ವಾಚು ಯಾಕೋ ಹಿಂದ ಬಿತ್ತು” ಅಂದಿದ್ದರು. ನಾನೂ ನಂಬಿದ್ದೆ.

ರೊಟ್ಟಿಗಾಗಿ ಐದು ವರ್ಷ ಸುಳ್ಳು ಹೇಳಿದ ಮನುಷ್ಯ. ನಾನು ಒಂದು ಹೊತ್ತಾದರೂ ಹಾಕದೆ ಬಿಟ್ಟಿದ್ದೆನೇ? ಅಷ್ಟೂ ತಿಳಿಯಲಿಲ್ಲ ಅವರಿಗೆ. ಬೈಯೋಣವೆಂದರೆ ಎದುರಿಗಿಲ್ಲ.

ಸಾಯಬಣ್ಣ ಹೇಳಿದ, “ಹಳೇ ಮಶೀನ್ ತಗದು ಬ್ಯಾಟರೀದು ಹಾಕ್ತೀನಿ. ಅರ್ಧಾ ತಾಸಿನ ಕೆಲಸ. ಇನ್ನ ಕೀಲಿ ಕೊಡೂದ ಬೇಕಾಗಿಲ್ಲ.”

“ಹಾಂ, ಹಾಕ್ರಿ ಹಾಕ್ರಿ,” ಎಂದಳು ವಿಜೇತಾ.

ನಾನು ವಾಚಿನ ಮೇಲೆ ಕೈ ಇಟ್ಟೆ. “ಬ್ಯಾಡ. ಕೀಲಿ ಕೊಡೂದಿಲ್ಲಂದ್ರ ನಾ ಮುಂಜಾನೆ ಎದ್ದು ಏನ ಮಾಡ್ಲಿ?”

“ಹಂಗಾರ ಗಾಜರೇ ಹೊಸಾದು ಹಾಕಲೇನು?”

“ಗಾಜು ಹಾಕಿದ್ರ ನಿಂತ ಮುಳ್ಳು ಕಾಣತಾವು. ಬಿಲ್ಡಿಂಗಿನ್ಯಾಗ ಅವರ ಮಾನ ಹೋಗತೈತಿ.”

“ಮತ್ತ ನಾ ಏನ ಮಾಡ್ಲಿ ಅಕ್ಕಾ?”

“ಬಿಚ್ಚೀದಿ ಅಲಾ, ಮುಚ್ಚು.”

ಮುಚ್ಚಿದ. ಇಂಥ ಗಿರಾಕಿ ಇದೇ ಮೊದಲು ಅಂದ.

ಈಗಲೂ ಬೆಳಿಗ್ಗೆ ಭೋಂಪು ಕೂಗುತ್ತದೆ. ದಿಂಬಿನ ಕೆಳಗಿನಿಂದ ವಾಚು ತೆಗೆದು ಕಿರ್ ಕಿರ್ ಎಂದು ಕೀಲಿ ಕೊಡುತ್ತೇನೆ. ಮೂಗಿನ ಹತ್ತಿರ ಹಿಡಿದು ನೋಡುತ್ತೇನೆ. ಬರೀ ಮಜ್ಜಿಗೆ. ಎರಡನೆಯ ಮಾಳಿಗೆಯ ಮುದುಕಿ ಕಿಟಕಿಯಿಂದ ಕೂಗುತ್ತಾಳೆ, “ಮಲ್ಲಕ್ಕಾ, ಟೈಮ್ ಕಿತನಾ ಹುವಾ?”

“ಸಾಡೇ ಪಾಂಚ್,” ಅನ್ನುತ್ತೇನೆ. ಅದೇ ಐದೂವರೆ. ಹೋಗಿ ಮೋಟರ್ ಹಾಕುತ್ತೇನೆ.