ಅಬು ಶೀಹ್ ಘಟ್ಟದ ಎರಡು ಪಾದಗಳು

ನನ್ನ ಗಂಡ ಫ್ರೇಜ್‌ಗೆ ಇರುವ ಚಟ ಒಂದೇ, ಸತ್ತ ದಾರಿಗಳನ್ನು ಹುಡುಕುವುದು. ಕೆಲವರ ಗಂಡಂದಿರು ಹೊಗೆ ಸೇದುತ್ತಾರೆ, ಕೆಲವರ ಗಂಡಂದಿರು ಎರಡನೇ ಹೆಂಡತಿಯನ್ನು ತರುತ್ತಾರೆ. ಇವನು ಬೆಟ್ಟ ಹತ್ತುತ್ತಾನೆ. ಎರಡನೆಯವಳು ಬಂದಿದ್ದರೆ ಜುಟ್ಟು ಹಿಡಿದು ಜಗಳವಾದರೂ ಆಡಬಹುದಿತ್ತು. ಬೆಟ್ಟಕ್ಕೆ ಜುಟ್ಟು ಎಲ್ಲಿಂದ ತರಲಿ?

ಅವನು ಹುಟ್ಟಿದ್ದೇ ಮೇಲಿನ ಬಾದಾಮಿ ತೋಟದಲ್ಲಿ. ಪ್ರಾಯದಲ್ಲಿ ಒಂಟೆ ಇಟ್ಟುಕೊಂಡು, ಸೀನಾಯ್ ಶಿಖರ ನೋಡಲು ಬರುವ ಪರದೇಶದವರನ್ನು ಹತ್ತಿಸಿ ಇಳಿಸುತ್ತಿದ್ದ. ಟಾರು ರಸ್ತೆ ಬಂದ ಮೇಲೆ ನಮ್ಮವರೆಲ್ಲ ಜೀಪು ಹತ್ತಿದರು, ಅಜ್ಜಂದಿರ ದಾರಿಗಳಲ್ಲಿ ಮುಳ್ಳು ಬೆಳೆಯಿತು. ಒಬ್ಬೊಬ್ಬ ಮುದುಕ ಸತ್ತಾಗಲೂ ಒಂದು ಬಾವಿ, ಒಂದು ಘಟ್ಟ, ನಾಲ್ಕು ಹೆಸರುಗಳು ಅವನ ಜೊತೆಗೇ ಮಣ್ಣಾದವು. ಇದನ್ನು ಕಂಡು ಸಂಕಟಪಟ್ಟವನು ಇವನೊಬ್ಬ. ಹೋಗಿ ಹೋಗಿ, ಬಿದ್ದುಹೋದ ದಾರಿಗುರುತಿನ ಕಲ್ಲುಗುಪ್ಪೆಗಳನ್ನು ಎತ್ತಿ ಕಟ್ಟುತ್ತಾನೆ, ಫೋನಿನಲ್ಲಿ ಚಿತ್ರ ತೆಗೆಯುತ್ತಾನೆ. ಹೆಸರುಗಳನ್ನು ಮಾತ್ರ ತಾನು ಹೇಳುವುದಿಲ್ಲ. ಆ ದಾರಿಯಲ್ಲಿ ಹಿಂದೆ ಮೇಕೆ ಕಾಯ್ದವರನ್ನೇ ಕರೆದುಕೊಂಡು ಹೋಗಿ ಅವರ ಬಾಯಿಂದಲೇ ಹೇಳಿಸಿ ದನಿ ಹಿಡಿದಿಡುತ್ತಾನೆ. "ನಾನು ಹೇಳಿದ್ರೆ ಅದು ಕೇಳಿದ ಮಾತು. ನಡೆದೋರು ಹೇಳಿದ್ರೆ ಅದು ದಾರಿ," ಎನ್ನುತ್ತಾನೆ. ನಮ್ಮ ಕುಲದ ಹುಡುಗರು ಅದನ್ನೆಲ್ಲ ಫೋನಿನ ನಕ್ಷೆಗೆ ಸೇರಿಸುತ್ತಾರೆ. ಚಾರಣಕ್ಕೆ ಬಂದವರು ಕೇಳುತ್ತಾರೆ, ಸಂಜೆ ಕಾಫಿಗೆ ಸೇರಿದ ಗಂಡಸರೂ ಕೇಳುತ್ತಾರೆ.

ಇಷ್ಟಕ್ಕೆ ನನ್ನ ತಕರಾರಿಲ್ಲ. ನನ್ನ ಉರಿ ಬೇರೆ.

ನಮ್ಮಲ್ಲಿ ಮೇಕೆ ಕಾಯುವುದು ಹುಡುಗಿಯರ ಕೆಲಸ. ಹುಡುಗನಿಗೆ ಒಬ್ಬಳ ಮೇಲೆ ಮನಸ್ಸಾದರೆ, ಅವಳು ಬರುವ ದಾರಿಯ ಬಂಡೆಯ ಮೇಲೆ ಪಾದವಿಟ್ಟು, ಸುತ್ತಲೂ ಚೂಪುಗಲ್ಲಿನಿಂದ ಗೀಚಿ ಹೋಗುತ್ತಾನೆ. ಅವಳಿಗೂ ಮನಸ್ಸಿದ್ದರೆ ಪಕ್ಕದಲ್ಲೇ ತನ್ನ ಪಾದ ಗೀಚುತ್ತಾಳೆ. ಇಲ್ಲವಾದರೆ ಸುಮ್ಮನೆ ಮುಂದೆ ಹೋಗುತ್ತಾಳೆ. ಅಬು ಶೀಹ್ ಘಟ್ಟದ ಬಂಡೆಯ ಮೇಲೆ ಎರಡು ಪಾದಗಳಿವೆ, ಒಂದು ಫ್ರೇಜ್‌ನದು, ಒಂದು ಸಬ್ಹಾಳದು ಎಂದು ನನ್ನ ಮದುವೆಗೆ ಮೊದಲೇ ಕೇಳಿದ್ದೆ. ಆದರೆ ಸಬ್ಹಾಳನ್ನು ನಮ್ಮ ಕುಲದ ಕಟ್ಟಳೆಯಂತೆ ಅವಳ ದೊಡ್ಡಪ್ಪನ ಮಗ ತನ್ನ ಹಕ್ಕು ಎಂದು ಮದುವೆಯಾಗಿ ಸಮುದ್ರದ ಕಡೆ ಕರೆದೊಯ್ದ. ಅದೇ ಚಳಿಗಾಲದ ಪ್ರವಾಹದಲ್ಲಿ ಘಟ್ಟದ ದಾರಿ ಕೊಚ್ಚಿಹೋಯಿತು. ಆಮೇಲೆ ಅತ್ತ ಯಾರೂ ಹೋಗಲಿಲ್ಲ. ಇವನು ನನ್ನ ಪಾಲಿಗೆ ಬಂದ. ನನಗಾಗಿ ಯಾರೂ ಯಾವ ಬಂಡೆಯನ್ನೂ ಗೀಚಲಿಲ್ಲ. ನನ್ನನ್ನು ಕೇಳಲು ಬಂದದ್ದು ಇವನ ಚಿಕ್ಕಪ್ಪ, ಅದೂ ಒಂಟೆ ಕೊಳ್ಳುವ ಮಾತಿನ ನಡುವೆ.

ಕಳೆದ ವರ್ಷ ಸಬ್ಹಾ ವಿಧವೆಯಾಗಿ ಊರಿಗೆ ಮರಳಿದಳು. ಈ ವರ್ಷ ಹಬ್ಬ ಮುಗಿಯುತ್ತಲೇ ಫ್ರೇಜ್ ಬಾಯಿಬಿಟ್ಟ: "ಅಬು ಶೀಹ್ ದಾರಿ ತೆರೀಬೇಕು."

"ಆ ದಾರೀಲಿ ಮೇಕೆ ಕಾಯ್ದೋರು ಈಗ ಯಾರಿದ್ದಾರೆ?" ಗೊತ್ತಿದ್ದೂ ಕೇಳಿದೆ.

ಅವನು ಚಹಾ ಲೋಟದೊಳಗೆ ನೋಡಿದ. "ಸಬ್ಹಾ ಒಬ್ಳೇ."

"ಓಹೋ! ಅವಳು ಬಂದ್ಲು, ದಾರೀನೂ ನೆನಪಾಯ್ತು."

"ಹಾಗಲ್ಲ ಸಾಲಿಮನವ್ವ. ಹೋದ ತಿಂಗಳು ಚಾರಣಕ್ಕೆ ಬಂದ ಇಬ್ರು ಅಲ್ಲಿ ದಾರಿ ತಪ್ಪಿ ನೀರಿಲ್ದೆ ಒದ್ದಾಡಿದ್ರು. ಮೇಲೊಂದು ಬಾವಿ ಇದೆಯಂತೆ. ಎಲ್ಲಿ ಅಂತ ಅವಳಿಗೆ ಮಾತ್ರ ಗೊತ್ತು."

"ಸರಿ, ನಾನೂ ಬರ್ತೀನಿ."

"ನಿನ್ನ ಮಂಡಿ ನೋವು?"

"ನನ್ನ ಮಂಡಿ ಚಿಂತೆ ನಿನಗೆ ಬೇಡ. ಅವಳ ಮಂಡಿ ನೋಡ್ಕೋ."

ಹೀಗೆ ಮೂವರೂ ಹೊರಟೆವು. ಸಬ್ಹಾ ಮುಂದೆ, ಇವನು ನಡುವೆ, ನಾನು ಕುಂಟುತ್ತ ಹಿಂದೆ. ಹಾಳಾದವಳು, ಈ ವಯಸ್ಸಿನಲ್ಲೂ ಮೇಕೆಯ ಹಾಗೆ ಹತ್ತುತ್ತಿದ್ದಳು. ಅವಳು ಒಂದೊಂದು ತಿರುವಿನ ಹೆಸರು ಹೇಳಿದಾಗಲೂ ಇವನು ಫೋನು ಚಾಚಿ, ಬಾಯಿ ತೆರೆದು ಕೇಳುತ್ತಿದ್ದ. ನಾನು ಮನೆಯಲ್ಲಿ ಉಪ್ಪು ಮುಗಿದಿದೆ ಎಂದು ಮೂರು ಸಲ ಹೇಳಿದರೂ ಅವನ ಕಿವಿಗೆ ಬೀಳುವುದಿಲ್ಲ!

"ಹಮ್ದಾ," ಎಂದಳು ಸಬ್ಹಾ ತಿರುಗದೆಯೇ, "ದಾರಿ ನೋಡ್ಕೊಂಡು ಬಾರೆ. ನನ್ನ ಬೆನ್ನು ನೋಡ್ತಾ ಬಂದ್ರೆ ಬಿದ್ದೀಯ."

"ನಿನ್ನ ಬೆನ್ನಲ್ಲಿ ನೋಡೋಕೇನಿದೆ? ಸಮುದ್ರದ ಮೀನು ತಿಂದು ತಿಂದು ಗೂನು ಬಂದಿದೆ."

ಅವಳು ಬಿದ್ದು ಬಿದ್ದು ನಕ್ಕಳು. ಬಾವಿಯನ್ನು ತೋರಿಸಿದ್ದೂ ನಗುತ್ತಲೇ. ಚಪ್ಪಡಿ ಸರಿಸಿದರೆ ಕೆಳಗೆ ತಣ್ಣನೆಯ ನೀರು. ಕುಡಿದೆ. ಅವಳು ತೋರಿಸಿದ ನೀರೆಂದು ಎರಡೇ ಗುಟುಕಿಗೆ ಸಾಕುಮಾಡಿದೆ.

ಘಟ್ಟದ ತಲೆಗೆ ಬಂದಾಗ ಫ್ರೇಜ್‌ನ ಕಾಲು ಚುರುಕಾಯಿತು. "ನಡೀರಿ ನಡೀರಿ, ಇಲ್ಲೇನೂ ಇಲ್ಲ," ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅಲ್ಲೇ ನಿಂತೆ. ಕಪ್ಪು ಬಂಡೆ, ಅದರ ಮೇಲೆ ಬಿಳಿ ಗೆರೆಯ ಎರಡು ಪಾದಗಳು. ಇಷ್ಟು ವರ್ಷ ನನ್ನ ಎದೆಯ ಮೇಲೆ ಕೂತಿದ್ದದ್ದು ಇವೇ. ಮಂಡಿಯೂರಿ ನೋಡಿದೆ.

ದೊಡ್ಡದು ಇವನದೇ, ಅನುಮಾನವಿಲ್ಲ. ಚಿಕ್ಕದನ್ನು ನೋಡಿದೆ. ಕಳೆದುಹೋದ ಮೇಕೆಗಳ ಹೆಜ್ಜೆ ಹಿಡಿದು ಬೆಳೆದವಳು ನಾನು, ಒಮ್ಮೆ ಕಂಡ ಪಾದವನ್ನು ಮರೆಯುವವಳಲ್ಲ. ಹೆಬ್ಬೆರಳು ಹೊರಕ್ಕೆ ತಿರುಗಿದೆ. ಒಳಬದಿಯಲ್ಲಿ ಬಾಗೇ ಇಲ್ಲ, ರೊಟ್ಟಿಯ ಹಾಗೆ ಚಪ್ಪಟೆ. ಈ ಪಾದದಿಂದ ನಾನು ಎಷ್ಟು ಮುಳ್ಳು ತೆಗೆದಿದ್ದೇನೆ! ನಾನು ಮದುವೆಯಾಗಿ ಬಂದಾಗ ಅತ್ತೆ ಹಾಸಿಗೆ ಹಿಡಿದಿದ್ದಳು, ಸುರಿಯುವ ಮೂಗಿನ ಪುಟ್ಟ ಮೈದುನ ಈದ್ ನನ್ನ ಮಡಿಲಿಗೆ ಬಿದ್ದಿದ್ದ.

"ಇದು ಈದ್‌ನ ಕಾಲು!" ಎಂದು ಕೂಗಿದೆ. "ನಿನ್ನ ತಮ್ಮನ ಕಾಲು!"

ಸಬ್ಹಾ ಬಗ್ಗಿ ನೋಡಿದಳು. "ನಂದು ಅಂತ ಯಾರು ಹೇಳಿದ್ದು? ಫ್ರೇಜ್‌ನ ಪಾದ ನೋಡಿದೆ, ಮೇಕೆ ಹೊಡ್ಕೊಂಡು ಹೋದೆ."

ಫ್ರೇಜ್ ಅಲ್ಲೇ ಕೂತ. ನರೆತ ಗಡ್ಡ ನೇವರಿಸುತ್ತ, "ಜೊತೆ ಹುಡುಗರು ದಿನಾ ಕೇಳೋರು, ಗೀಚಿದ್ಲಾ, ಗೀಚಿದ್ಲಾ ಅಂತ. ನಾಚ್ಕೆ ಆಯ್ತು. ಈದ್‌ನನ್ನ ಹೆಗಲ ಮೇಲೆ ಹೊತ್ಕೊಂಡು ಬಂದು, ಅವನ ಪಾದ ಇಟ್ಟು ಗೀಚ್ದೆ," ಎಂದ.

ನನ್ನ ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಒಪ್ಪಿದವಳಿಗಾಗಿ ಯಾರು ಬೇಕಾದರೂ ಘಟ್ಟ ಹತ್ತುತ್ತಾರೆ. ಒಪ್ಪದವಳಿಗಾಗಿ ಇವನು ತಮ್ಮನನ್ನು ಹೊತ್ತು ಹತ್ತಿದ್ದಾನೆ! ಜೊತೆಗೆ ಇನ್ನೊಂದು ಸಿಟ್ಟು, ಎಲ್ಲಿತ್ತೋ, ಉಕ್ಕಿ ಬಂತು.

"ಏನೇ ಸಬ್ಹಾ, ನನ್ನ ಗಂಡನಿಗೆ ಏನೇ ಕಮ್ಮಿಯಾಗಿತ್ತು?"

"ಏನೂ ಕಮ್ಮಿ ಇರ್ಲಿಲ್ಲ ಕಣೆ. ನಂಗೆ ಮನಸ್ಸಿರ್ಲಿಲ್ಲ, ಅಷ್ಟೆ."

ಫ್ರೇಜ್ ಎದ್ದು ಫೋನು ತೆಗೆದ. ಕಿವಿಗಳು ಕೆಂಪಾಗಿದ್ದವು. "ಈ ಬಂಡೆ ಬಿಡೋ ಹಾಗಿಲ್ಲ. ಇಲ್ಲೇ ಎಡಕ್ಕೆ ತಿರುಗ್ಬೇಕು, ತಪ್ಪಿದ್ರೆ ಪ್ರಪಾತ. ಸಬ್ಹಾ, ಇದ್ದದ್ದು ಇದ್ದ ಹಾಗೆ ಹೇಳು. ದಾರಿ ವಿಷ್ಯದಲ್ಲಿ ನಾನು ಸುಳ್ಳು ಸೇರ್ಸಲ್ಲ."

ಅಯ್ಯೋ ದಡ್ಡ! ನಾಳೆ ಸಂಜೆ ಕಾಫಿಯ ಹೊತ್ತಿಗೆ ಇಡೀ ಕುಲ ಕೇಳುತ್ತದೆ. ಮದುವೆ ಮನೆಗಳಲ್ಲಿ ಹಾಡು ಕಟ್ಟುತ್ತಾರೆ, 'ತಮ್ಮನನ್ನೇ ಮದುವೆಯಾದ ಫ್ರೇಜ್' ಎಂದು. ಇವನು ಸಾಯುವವರೆಗೂ ಬಿಡುವುದಿಲ್ಲ, ಸತ್ತ ಮೇಲೂ ಬಿಡುವುದಿಲ್ಲ.

ನಾನು ಸಬ್ಹಾಳ ಕೈ ಹಿಡಿದುಕೊಂಡೆ. "ನಿಂದೇ ಅನ್ನು."

"ಏನು?"

"ಆ ಪಾದ. ನಿಂದೇ ಅನ್ನು. ಊರೆಲ್ಲ ಹೇಗೂ ಹಾಗೇ ನಂಬಿದೆ."

"ಹುಚ್ಚೇನೇ ನಿನಗೆ? ಆ ಪಾದಕ್ಕೇ ಅಲ್ವಾ, ನಾನು ಸಲಾಂ ಅಂದ್ರೂ ನೀನು ಮುಖ ತಿರುಗಿಸ್ಕೊಂಡು ಹೋಗ್ತಿದ್ದದ್ದು?"

"ಹೌದು. ಈಗ್ಲೂ ನಿನ್ನ ಕಂಡ್ರೆ ನಂಗಾಗಲ್ಲ. ಆದ್ರೂ ಅನ್ನು. ನಿನ್ನ ಕಾಲಿಗೆ ಬೀಳ್ತೀನಿ. ಇವನನ್ನ ನೋಡಿ ಯಾರೂ ನಗಬಾರ್ದು."

"ಸುಳ್ಳು ಬೇಡ," ಎಂದ ಫ್ರೇಜ್.

"ನೀನು ಬಾಯಿ ಮುಚ್ಚು. ನೀನೆಲ್ಲಿ ಹೇಳ್ತಿದ್ದೀಯ? ನಡೆದೋಳು ಹೇಳ್ತಾಳೆ. ಎಡಕ್ಕೆ ತಿರುಗೋದು ನಿಜ ಇದ್ರೆ ಸಾಕು, ಯಾರೂ ಸಾಯಲ್ಲ."

ಸಬ್ಹಾ ನನ್ನ ಮುಖ ನೋಡಿದಳು. ಈ ಸಲ ನಗಲಿಲ್ಲ. "ಆಯ್ತು ಬಿಡು. ಈ ವಯಸ್ಸಲ್ಲಿ ನನ್ನ ಹೆಸರಿಗೇನಾಗುತ್ತೆ, ಮೊಮ್ಮಕ್ಕಳು ಖುಷಿ ಪಡ್ತಾರೆ," ಎಂದು ಮುಸುಕು ಸರಿಮಾಡಿಕೊಂಡು ಫೋನಿನತ್ತ ಬಾಗಿದಳು.

"ಇದು ಅಬು ಶೀಹ್ ಘಟ್ಟದ ತಲೆ. ಇಲ್ಲಿ ಎಡಕ್ಕೆ ತಿರುಗಿ. ದೊಡ್ಡ ಪಾದ ಫ್ರೇಜ್‌ದು. ಪಕ್ಕದ್ದು ನಂದು. ಅವನು ಬೆಳಿಗ್ಗೆ ಗೀಚಿ ಹೋಗಿದ್ದ. ನಾನು ಮೇಕೆಗಳನ್ನ ನಿಲ್ಸಿ, ಸಂಜೆ ಆಗೋಕೂ ಬಿಡ್ದೆ ಗೀಚಿದೆ."

ನಾನು ಬೇಡಿದ್ದು 'ನಂದು' ಎನ್ನುವ ಒಂದೇ ಮಾತು. ಅಷ್ಟು ಚೆನ್ನಾಗಿ ಹೇಳು ಎಂದು ಯಾರು ಹೇಳಿದ್ದರು ಅವಳಿಗೆ?

ಇಳಿದು ಬಂದು, ಬಿಸಿಲು ಆರುವ ಹೊತ್ತಿಗೆ ನಾನು ಒಲೆಯ ಬೂದಿಯಲ್ಲಿ ರೊಟ್ಟಿ ಹೂಳಿದೆ. ಅವನು ಹೊರಗೆ ಕೂತು, ದಿನದ ಮಾತುಗಳನ್ನು ಹುಡುಗರಿಗೆ ಕಳಿಸುತ್ತಿದ್ದ. ಫೋನಿನಿಂದ ಸಬ್ಹಾಳ ದನಿ ಕೇಳಿಸಿತು. ಸರಿ ಬಂದಿದೆಯೋ ಇಲ್ಲವೋ ನೋಡುತ್ತಿದ್ದಾನೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿಸಿತು: ಸಂಜೆ ಆಗೋಕೂ ಬಿಡ್ದೆ ಗೀಚಿದೆ. ಸುಳ್ಳೆಂದು ಅವನಿಗೂ ಗೊತ್ತು. ನಾನೇ ಬೇಡಿ ಹೇಳಿಸಿದ ಸುಳ್ಳು.

ರೊಟ್ಟಿಯ ಬೂದಿ ಕೊಡವಿಕೊಂಡು ಹೊರಗೆ ಬಂದೆ. ಅವನು ಕಣ್ಣು ಮುಚ್ಚಿ ಫೋನನ್ನು ಕಿವಿಗೆ ಹಿಡಿದಿದ್ದ.

"ಸಾಕು. ಬ್ಯಾಟರಿ ಮುಗಿಯುತ್ತೆ," ಎಂದೆ.

"ಹ್ಞೂಂ," ಎಂದ.

ರೊಟ್ಟಿ ಮುರಿದು ಅವನ ಮುಂದಿಟ್ಟೆ. ಅವನು ಸಬ್ಹಾಳ ಮಾತನ್ನು ಇನ್ನೊಂದು ಸಲ ಹಾಕಿದ.