ಗೌರತ್ತೆಯ ಕುದುರೆ

ನಾಳೆ ಮೊಮ್ಮಗಳ ಜೊತೆ ಥೀಮ್ ಪಾರ್ಕಿಗೆ ಹೋಗಬೇಕು. ಬ್ಯಾಗಿನಲ್ಲಿ ಇರಲಿ ಅಂತ ಹುರಿಹಿಟ್ಟಿನ ಡಬ್ಬಿ ತೆರೆದೆ. ಆ ಘಮದ ಹಿಂದೆಯೇ ಯಗಟಿಯ ನಮ್ಮ ಗೌರತ್ತೆ ಎದ್ದು ಬಂದಳು.

ಗೌರತ್ತೆ ಅಪ್ಪನ ತಂಗಿ. ಮನೆಮಂದಿಯೆಲ್ಲ ಮೈಸೂರಿನ ವಸ್ತುಪ್ರದರ್ಶನಕ್ಕೆ ಹೊರಟರೆ ಬುತ್ತಿ ಗಂಟು ಕಟ್ಟುವವಳು ಅವಳೇ. ಹುರಿಹಿಟ್ಟು, ಬೆಲ್ಲ, ಕೊಬ್ಬರಿ ಹೋಳು, ಬಸ್ಸಿನಲ್ಲಿ ವಾಂತಿ ಬಂದರೆ ಮೂಸಲು ನಿಂಬೆಹಣ್ಣು. ಅವಳು ಮಾತ್ರ ಹೊರಡುತ್ತಿರಲಿಲ್ಲ. ನಮ್ಮ ಹಸುಗಳು ಬೇರೆ ಯಾರ ಕೈಗೂ ಹಾಲು ಕೊಡುತ್ತಿರಲಿಲ್ಲ.

ಒಮ್ಮೆ ನಾನು ವಸ್ತುಪ್ರದರ್ಶನದಲ್ಲಿ ಗಿರಗಿರ ಸುತ್ತುವ ಮರದ ಕುದುರೆ ಹತ್ತಿ ಬಂದೆ. ಅತ್ತೆ ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಕೇಳಿದಳು. ಆಮೇಲೆ ಕ್ಯಾಲೆಂಡರಿನಿಂದ ದಿನಾ ಹರಿದಿಟ್ಟಿದ್ದ ಹಾಳೆಗಳ ಬೆನ್ನಿಗೆ, ಕಾಲಿನ ಭಂಗಿ ಚೂರುಚೂರೇ ಬದಲಿಸುತ್ತ, ಒಂದೊಂದು ಕುದುರೆ ಬರೆದು, ಕೊಬ್ಬರಿ ಮೂಟೆ ಹೊಲಿಯುವ ದಬ್ಬಳದಿಂದ ಕಟ್ಟು ಹೊಲಿದಳು. ಹೆಬ್ಬೆರಳಿನಿಂದ ಅಂಚನ್ನು ಸರಸರ ಬಿಟ್ಟಳು ನೋಡಿ, ಕುದುರೆ ಓಡಿಯೇಬಿಟ್ಟಿತು! ಬಾಲ ನಿಗುರಿಸಿಕೊಂಡು, ಥೇಟ್ ನಮ್ಮೂರ ಕಡೆಯ ಎಮ್ಮೆದೊಡ್ಡಿ ಕಾವಲಿನಲ್ಲಿ ಮೇಯುವ ಹೋರಿಯಂತೆ. ಅವಳು ಕಣ್ಣಾರೆ ಕಂಡಿದ್ದ ಓಟ ಅದೇ.

"ಅದು ಮರದ್ದು ಕಣತ್ತೆ, ಕಾಲೇ ಆಡ್ಸಲ್ಲ," ಎಂದೆ.

"ಕಾಲಾಡಿಸ್ದೆ ಹೆಂಗೋ ಓಡುತ್ತೆ ಲೇ? ನೀನು ಸರ್ಯಾಗಿ ನೋಡಿಲ್ಲ ಬಿಡು," ಅಂದಳು.

ಅನಿಮೇಷನ್ ಎಂಬ ಪದ ಅವಳ ಕಿವಿಗೆ ಬಿದ್ದಿರಲಾರದು. ಚಿತ್ರಕ್ಕೆ ಜೀವ ಕೊಟ್ಟ ಹೆಸರಾಂತ ಹೆಂಗಸರ ಬಗ್ಗೆ ಈಗ ಓದುವಾಗಲೆಲ್ಲ ಅವರ ಸಾಲಿನಲ್ಲಿ ಗೌರತ್ತೆಯನ್ನೂ ಕೂರಿಸುತ್ತೇನೆ.

"ತಾತ, ಪಾರ್ಕಲ್ಲಿ ಕುದುರೆ ಇರುತ್ತಾ?" ಮೊಮ್ಮಗಳು ಕೇಳುತ್ತಿದ್ದಾಳೆ.

"ಇರುತ್ತೆ ಕಣಮ್ಮ. ಆದ್ರೆ ಅವು ಓಡಲ್ಲ."